ಗಿಫ್ಟ್ ಬಂದಿದೆ, ಜೋಡಿಯಾಗಿ ಬನ್ನಿ

ಮಂಗಳೂರಿನ ಯಾವುದೋ ಮಾಲಿನಲ್ಲೋ ಪೆಟ್ರೋಲ್ ಬಂಕಿನಲ್ಲೋ ಲಕ್ಕಿ ಡ್ರಾ ಕೂಪನ್ ತುಂಬಿ ನೋಡಿ, ಫೋನು ಬಂದೇ ಬರುತ್ತದೆ. "ಕಂಗ್ರಾಟ್ಸ್ ಸರ್, ಗಿಫ್ಟ್ ಬಂದಿದೆ!" ಷರತ್ತು ಎರಡೇ: ಗಂಡ ಹೆಂಡತಿ ಇಬ್ಬರೂ ಬರಬೇಕು, ಕ್ರೆಡಿಟ್ ಕಾರ್ಡ್ ತರಬೇಕು. ಗಿಫ್ಟ್ ಕೊಡುವವರಿಗೆ ನಮ್ಮ ಕಾರ್ಡ್ ಯಾಕೆ ಮಾರಾಯ್ರೇ? ಜೋಡಿಯಾಗಿ ಕರೆಯುವುದರ ಗುಟ್ಟೂ ಇಷ್ಟೇ: "ಮನೆಯಲ್ಲಿ ಕೇಳಿ ಹೇಳ್ತೇನೆ" ಎನ್ನುವ ನಮ್ಮ ಬ್ರಹ್ಮಾಸ್ತ್ರ ಅಲ್ಲಿ ನಡೆಯುವುದಿಲ್ಲ.

ಹೋಟೆಲಿನ ಹಾಲ್, ಜೋರು ಹಾಡು, ಮಕ್ಕಳಿಗೆ ಬಲೂನು, ಟೈ ಕಟ್ಟಿದ ಹುಡುಗ. ಅವನು ಮಾರುವುದು ಟೈಮ್‌ಶೇರ್, ಅಂದರೆ ವರ್ಷವರ್ಷ ರೆಸಾರ್ಟಿನಲ್ಲಿ ಕೆಲವು ದಿನ ತಂಗುವ ಹಕ್ಕು. ಪಣಂಬೂರು, ತಣ್ಣೀರುಬಾವಿಯನ್ನು ಮಗ್ಗುಲಲ್ಲೇ ಇಟ್ಟುಕೊಂಡವರಿಗೆ ಗೋವಾದ ಕಡಲ ಫೋಟೋ ತೋರಿಸುತ್ತಾನೆ! ಬಿಳಿ ಹಾಳೆಯಲ್ಲಿ ನಮ್ಮ ಮುಂದಿನ 25 ವರ್ಷಗಳ ರಜೆಯ ಖರ್ಚು ಕೂಡಿಸುತ್ತಾನೆ. ವರ್ಷವರ್ಷವೂ ಕಟ್ಟಬೇಕಾದ ನಿರ್ವಹಣಾ ಶುಲ್ಕ ಮಾತ್ರ ಆ ಲೆಕ್ಕಕ್ಕೆ ಬರುವುದಿಲ್ಲ. ಪಕ್ಕದ ಟೇಬಲಿನವರು ಸಹಿ ಹಾಕಿದರೆ ಚಪ್ಪಾಳೆ. ಬೇಡ ಎಂದರೆ ಮ್ಯಾನೇಜರ್ ಬಂದು "ಇವತ್ತಿಗೆ ಮಾತ್ರ" ಎಂದು ರೇಟು ಇಳಿಸುತ್ತಾರೆ. ಕೊನೆಗೆ ಕೈಗೆ ಬರುವ ಗಿಫ್ಟು ಹೆಚ್ಚಾಗಿ ಒಂದು ವೋಚರ್, ಅದೂ ರಜೆಯ ಸೀಸನ್ನಿನಲ್ಲಿ ನಡೆಯದ್ದು.

ಟೈಮ್‌ಶೇರ್ ಎಲ್ಲವೂ ಮೋಸ ಅಂತಲ್ಲ. ವರ್ಷವೂ ತಪ್ಪದೆ ತಿರುಗಾಡುವವರಿಗೆ ಲೆಕ್ಕ ಹೊಂದಲೂಬಹುದು. ಆದರೆ ಹುಡುಗ ಬಾಯಲ್ಲಿ ಹೇಳಿದ್ದು ಒಪ್ಪಂದದ ಹಾಳೆಯಲ್ಲಿ ಇಲ್ಲದಿದ್ದರೆ ಅದು ಇಲ್ಲ ಅಂತಲೇ ಲೆಕ್ಕ.

ಈಗಾಗಲೇ ಸಹಿ ಹಾಕಿ ತಲೆ ಕೆರೆದುಕೊಳ್ಳುತ್ತಿದ್ದೀರಾ? ಕಂಪನಿ ಮುಂಬೈಯಲ್ಲಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 2 ವರ್ಷದೊಳಗೆ. ಸಹಾಯವಾಣಿ 1915.