ಹಗೆಯಾಗಲಿರುವ ನೆಂಟರು

ಪ್ರಾಚೀನ ಜಗತ್ತನ್ನು ಕಣವಾಗಿಸಿಕೊಂಡ ಕಂಪ್ಯೂಟರ್ ಆಟಗಳಲ್ಲಿ ಬ್ರಿಟನ್ನಿನ ಕ್ರಿಯೇಟಿವ್ ಅಸೆಂಬ್ಲಿ ಸಂಸ್ಥೆ 2004ರಲ್ಲಿ ಹೊರತಂದ ‘ರೋಮ್: ಟೋಟಲ್ ವಾರ್’ ಆಟದ ನಿಜವಾದ ರುಚಿ ಅದರ ಒಳಜಗಳದಲ್ಲಿದೆ. ಕ್ರಿ.ಪೂ. 270ರಲ್ಲಿ ಆರಂಭವಾಗಿ, ಬೇಸಗೆ ಮತ್ತು ಚಳಿಗಾಲಗಳೆಂದು ವರ್ಷಕ್ಕೆ ಎರಡು ಸರದಿಗಳಂತೆ ಕ್ರಿ.ಶ. 14ರವರೆಗೂ ಸಾಗಬಲ್ಲ ಇದರ ‘ಕ್ಯಾಂಪೇನ್’, ಅಂದರೆ ನಕಾಶೆಯ ಮೇಲೆ ನಡೆಯುವ ದೀರ್ಘ ರಾಜ್ಯಭಾರ, ಜೂಲಿ, ಬ್ರೂಟಿ, ಸ್ಕಿಪಿ ಎಂಬ ಮೂರು ರೋಮನ್ ಮನೆತನಗಳಿಗೆ ಬೇರೆ ಬೇರೆ ಊರು, ಸೈನ್ಯ, ಬೊಕ್ಕಸಗಳನ್ನು ಹಂಚಿಕೊಟ್ಟು, ರೋಮ್ ನಗರವನ್ನು ಮಾತ್ರ ಸೆನೆಟ್ ಎಂಬ ಹಿರಿಯರ ಸಭೆಯ ವಶದಲ್ಲಿರಿಸುತ್ತದೆ. ಇತಿಹಾಸಕಾರರು ಒಪ್ಪುವ ಏರ್ಪಾಡಲ್ಲ ಇದು. ಸ್ಕಿಪಿಯೋ ಎಂಬುದು ಕಾರ್ನೀಲಿಯಾ ಕುಲದ ಒಂದು ಕವಲಿನ ಹೆಸರು, ಇನ್ನು ಜೂಲಿಯಾ ಕುಲಕ್ಕೆ ಆ ಕಾಲದಲ್ಲಿ ಸ್ವಂತ ಸೈನ್ಯವಿರುವುದಂತೂ ದೂರದ ಮಾತು. ಆದರೂ ಕ್ರಿ.ಪೂ. 88ರಲ್ಲಿ ರೋಮನ್ ಸೇನಾಪತಿ ಸುಲ್ಲಾ ತನ್ನದೇ ನಗರದ ಮೇಲೆ ದಂಡೆತ್ತಿ ಹೋದ ಬಗೆಯ ಕಲಹವನ್ನು ಮೊದಲ ಸರದಿಯಲ್ಲೇ ಬಿತ್ತಿಡುವುದಕ್ಕೆ ಈ ಸ್ವಾತಂತ್ರ್ಯ ಬೇಕಾಗಿತ್ತೆಂದು ತೋರುತ್ತದೆ.

ಮೂರೂ ಮನೆತನಗಳು ಪರಸ್ಪರ ಮಿತ್ರರಾಗಿಯೇ ಹುಟ್ಟುವುದರಿಂದ, ಜೂಲಿಗಳನ್ನು ಆರಿಸಿಕೊಂಡು ಗಾಲ್ ಜನರ ಎದುರು ಬಡಿದಾಡುತ್ತಿರುವ ಆಟಗಾರನು ಗ್ರೀಸಿನ ಸಿರಿವಂತ ಪಟ್ಟಣಗಳನ್ನು ಒಂದೊಂದಾಗಿ ನುಂಗುತ್ತಿರುವ ಬ್ರೂಟಿಗಳನ್ನು ಕಂಡು ಹೊಟ್ಟೆಯುರಿದುಕೊಳ್ಳಬಹುದೇ ಹೊರತು ಅವರ ಮೇಲೆ ಕೈಮಾಡುವಂತಿಲ್ಲ. ಅವರನ್ನು ಕಟ್ಟಿಹಾಕಲು ಉಳಿಯುವ ನ್ಯಾಯಸಮ್ಮತ ದಾರಿಯೆಂದರೆ ಅವರಿಗಿಂತ ಮೊದಲೇ ಹಡಗಿನಲ್ಲಿ ದಂಡು ಕಳುಹಿಸಿ ಕಾರಿಂತ್, ಅಥೆನ್ಸ್‌ಗಳನ್ನು ಹಿಡಿದುಬಿಡುವುದು. ಮಿತ್ರನು ಮುಂದೆ ಹೋಗಲು ಜಾಗವಿಲ್ಲದೆ ತನ್ನ ಗಡಿಯಲ್ಲೇ ಸೇನೆಯನ್ನು ಅಡ್ಡಾಡಿಸುತ್ತ ನಿಂತಿರುವುದನ್ನು ನೋಡುವ ಸುಖಕ್ಕೆ ಯಾವ ರಣವಿಜಯವೂ ಸಾಟಿಯಾಗದು.

ಈ ನಡುವೆ ಸೆನೆಟ್ ಆಗಾಗ ಒಂದು ಬಂದರನ್ನು ತಡೆಯಿರಿ, ಒಂದು ಊರನ್ನು ಗೆಲ್ಲಿರಿ ಎಂದು ಆಜ್ಞೆ ಹೊರಡಿಸುತ್ತದೆ. ಪಾಲಿಸಿದರೆ ಅದರ ಒಲವು ಏರಿ, ಮನೆತನದ ಗಂಡಸರಿಗೆ ಕ್ವೀಸ್ಟರ್‌ನಿಂದ ಕಾನ್ಸಲ್‌ವರೆಗಿನ ಪದವಿಗಳು, ಎಂದರೆ ಬೊಕ್ಕಸದ ಅಧಿಕಾರದಿಂದ ಗಣರಾಜ್ಯದ ಅತ್ಯುಚ್ಚ ಹುದ್ದೆಯವರೆಗಿನ ಮೆಟ್ಟಿಲುಗಳು ತೆರೆಯುತ್ತವೆ. ಆದರೆ ಗೆಲುವುಗಳು ಹೆಚ್ಚಿದಂತೆ ಜನರ ಪ್ರೀತಿ ಬೆಳೆಯುತ್ತದೆ, ಜನರ ಪ್ರೀತಿ ಬೆಳೆದಷ್ಟೂ ಸೆನೆಟ್ಟಿಗೆ ಅಂಜಿಕೆ ಹುಟ್ಟುತ್ತದೆ, ಮತ್ತು ಕೊನೆಗೊಂದು ಸರದಿಯಲ್ಲಿ ಮನೆತನದ ಯಜಮಾನನು ಆತ್ಮಹತ್ಯೆ ಮಾಡಿಕೊಳ್ಳಬೇಕೆಂಬ ಬೇಡಿಕೆಯೇ ಬಂದುಬಿಡುತ್ತದೆ. ಒಪ್ಪಿದರೆ ಉತ್ತರಾಧಿಕಾರಿಯ ಕಾಲಕ್ಕೆ ಒಂದಿಷ್ಟು ಬಿಡುವು ಸಿಗುತ್ತದೆ, ನಿರಾಕರಿಸಿದರೆ ಅಂತರ್ಯುದ್ಧ. ಮುಪ್ಪಿನ, ಹೇಗೂ ಹೆಚ್ಚು ದಿನ ಬಾಳದ ಯಜಮಾನನನ್ನು ಇಂಥ ಗಳಿಗೆಗೆಂದೇ ಉಳಿಸಿಕೊಳ್ಳುವ ಲೆಕ್ಕಾಚಾರವೂ ಈ ಕಲೆಯ ಒಂದು ಭಾಗವೇ, ಅದೆಷ್ಟೇ ಕ್ರೂರವೆನಿಸಿದರೂ.

ಸೆನೆಟ್ಟಿನೊಡನೆ ಯಾವಾಗ ಮುರಿದುಕೊಳ್ಳಬೇಕು ಎಂಬ ಪ್ರಶ್ನೆ ಸುಲಭದ್ದಲ್ಲ. ಇಟಲಿಯಲ್ಲಿ ಸಾಮ್ರಾಟರ ಅರಮನೆಯೊಂದು ಎದ್ದ ಕೂಡಲೇ ‘ಮಾರಿಯಸ್ ಸುಧಾರಣೆ’ ಎಂಬ ಸೇನಾ ಮಾರ್ಪಾಡು ಜಾರಿಗೆ ಬಂದು, ಹಳೆಯ ಹಸ್ತಾಟಿ, ಪ್ರಿನ್ಸಿಪೆಸ್ ಪಡೆಗಳ ಸ್ಥಾನದಲ್ಲಿ ಬಲಿಷ್ಠ ಲೀಜನರಿ ದಳಗಳು ದೊರೆಯುತ್ತವೆ; ಆದರೆ ಅವು ಪ್ರತಿಸ್ಪರ್ಧಿಗಳಿಗೂ ದೊರೆಯುವುದರಿಂದ ಕಾಯುವುದು ಜಾಣತನವೋ ಮೈಗಳ್ಳತನವೋ ಹೇಳಲಾಗದು. ಜೂಲಿಗಳ ಊರಾದ ಅರ್ರೇಟಿಯಮ್ಮಿನಲ್ಲಿ ದಂಡು ಕಲೆಹಾಕಿ ರೋಮಿನ ಬಾಗಿಲಿಗೆ ಹತ್ತಿರವಾಗಿ ನಿಲ್ಲಿಸಿ, ಎಲ್ಲರೊಡನೆ ಸೌಜನ್ಯದಿಂದಿರುವ ಆ ಕೆಲವು ಸರದಿಗಳಲ್ಲಿ ಆಟ ತನ್ನ ತುತ್ತತುದಿಯಲ್ಲಿರುತ್ತದೆ. ರೋಮ್ ಕೈವಶವಾದ ಮೇಲೆ ಗೆಲುವಿಗೆ ಬೇಕಾದ 50 ಪ್ರಾಂತ್ಯಗಳನ್ನು ಪೂರೈಸುವುದು ಗುಮಾಸ್ತಗಿರಿಯಾಗಿಬಿಡುವುದರಿಂದ, ಅಲ್ಲಿಗೇ ಕೈಬಿಟ್ಟು ಈ ಸಲ ಬ್ರೂಟಿಗಳ ಪಕ್ಷ ವಹಿಸಿ ಹೊಸದಾಗಿ ತೊಡಗುವುದೇ ಮೇಲು.