ನಾಲ್ಕನೆಯ ಬಾಟಲಿ

2011ರ ಮಳೆಗಾಲದಲ್ಲಿ ಅಪ್ಪನ ಹುದ್ದೆಯ ಹೆಸರು ಬದಲಾಯಿತು. ಅಲ್ಲಿಯವರೆಗೆ ಫುಡ್ ಇನ್ಸ್‌ಪೆಕ್ಟರ್ ಆಗಿದ್ದವರು ಆಹಾರ ಸುರಕ್ಷತಾ ಅಧಿಕಾರಿಯಾದರು. ಆಗಸ್ಟ್ 5ರಂದು 1954ರ ಕಲಬೆರಕೆ ತಡೆ ಕಾಯ್ದೆ ಹೋಗಿ, 2006ರ ಆಹಾರ ಸುರಕ್ಷತೆ ಕಾಯ್ದೆಯ ನಿಯಮಗಳು ಜಾರಿಗೆ ಬಂದಿದ್ದವು. ಹಳೆಯ ಇನ್ಸ್‌ಪೆಕ್ಟರುಗಳನ್ನೇ ಹೊಸ ಹುದ್ದೆಗೆ ತೆಗೆದುಕೊಳ್ಳಲು ಅವಕಾಶವಿತ್ತು. "ಹೆಸರೇನೋ ಉದ್ದ ಆಯ್ತು, ಸಂಬಳ?" ಎಂದು ಅಮ್ಮ ಕೇಳಿದಳು. ಅಪ್ಪ ನಗಲಿಲ್ಲ.

ತರಬೇತಿ ಮುಗಿಸಿ ಬಂದವರು ಮೊದಲು ಮಾಡಿದ ಕೆಲಸವೆಂದರೆ ತಮ್ಮ ಚೀಲದ ಬಾಟಲಿ ಎಣಿಸಿದ್ದು. ಹಳೆಯ ಕಾಯ್ದೆಯಲ್ಲಿ ಮಾದರಿಯನ್ನು ಮೂರು ಭಾಗ ಮಾಡಬೇಕಿತ್ತು. ದುಡ್ಡು ಕೊಟ್ಟು ಹಾಲು ಕೊಳ್ಳುವುದು, ಮೂರು ಬಾಟಲಿಗೆ ಹಂಚುವುದು, ಕೆಡದಂತೆ ಫಾರ್ಮಲಿನ್ ಹಾಕುವುದು, ಕಾಗದ ಸುತ್ತಿ, ದಾರ ಕಟ್ಟಿ, ಅರಗಿನ ಮುದ್ರೆ ಒತ್ತುವುದು. ಈಗ ನಾಲ್ಕು ಭಾಗ. ಒಂದು ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತ ಅಧಿಕಾರಿಗೆ. ನಾಲ್ಕನೆಯದನ್ನು, ವ್ಯಾಪಾರಿ ಕೇಳಿಕೊಂಡರೆ, ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ ಕಳಿಸಬೇಕು. ಎರಡು ವರದಿಗಳು ತಾಳೆಯಾಗದಿದ್ದರೆ ಅಂಕಿತ ಅಧಿಕಾರಿಯ ಬಳಿ ಇರುವ ಒಂದು ಬಾಟಲಿ ಮೈಸೂರಿನ ಸಿಎಫ್‌ಟಿಆರ್‌ಐಯಂಥ ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿಯ ಮಾತೇ ಕೊನೆಯ ಮಾತು.

ಬದಲಾದದ್ದು ಬಾಟಲಿಯ ಲೆಕ್ಕ ಮಾತ್ರವಲ್ಲ. ಹಿಂದೆ ಕಲಬೆರಕೆ ರುಜುವಾತಾದರೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ಸೆರೆ. ಈಗ ಗುಣಮಟ್ಟ ಕಡಿಮೆಯಿದ್ದು ಜೀವಕ್ಕೆ ಅಪಾಯವಿಲ್ಲದಿದ್ದರೆ ಅಪರ ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ ವಿಚಾರಣೆ ಮಾಡಿ ದಂಡ ಹಾಕುತ್ತಾರೆ. ದಂಡ ಐದು ಲಕ್ಷದವರೆಗೂ ಹೋಗಬಹುದು, ಆದರೆ ಜೈಲಿಲ್ಲ. ಅಪಾಯಕಾರಿ ಆಹಾರಕ್ಕೆ ಮಾತ್ರ ಕೋರ್ಟು, ಸೆರೆ. ಬೀದಿಬದಿಯ ಬೋಂಡಾ ಅಂಗಡಿಯವರಿಗೂ ನೋಂದಣಿ ಕಡ್ಡಾಯವಾಯಿತು. ಹಿಡಿಯುವುದನ್ನೇ ಕಲಿತಿದ್ದ ಅಪ್ಪ ಐವತ್ತೈದರ ವಯಸ್ಸಿನಲ್ಲಿ ಅರ್ಜಿ ತುಂಬಿಸುವುದನ್ನು, ತಿದ್ದಿಕೊಳ್ಳಲು ನೋಟಿಸು ಕೊಡುವುದನ್ನು ಕಲಿತರು. "ನಮ್ಮನ್ನ ಗುಮಾಸ್ತರನ್ನ ಮಾಡಿಬಿಟ್ರು" ಎಂದು ಸಹೋದ್ಯೋಗಿಗಳು ಗೊಣಗುತ್ತಿದ್ದರು. ಅಪ್ಪ ಗೊಣಗಲಿಲ್ಲ. ಕಾರಣ ನನಗೆ ಗೊತ್ತಾದದ್ದು ಐದು ವರ್ಷಗಳ ನಂತರ.

2016ರಲ್ಲಿ, ನಿವೃತ್ತಿಯಾಗಿ ಎರಡು ವರ್ಷವಾದ ಮೇಲೆ, ಅಪ್ಪನಿಗೆ ಸಾಕ್ಷಿ ಹೇಳಲು ಸಮನ್ಸ್ ಬಂತು. 2009ರ ಹಾಲಿನ ಪ್ರಕರಣ. ಕಾಯ್ದೆ ರದ್ದಾದರೂ ಅದರಡಿ ಹೂಡಿದ ಮೊಕದ್ದಮೆಗಳು ರದ್ದಾಗಿರಲಿಲ್ಲ. ಅವು ಹಳೆಯ ದಾರಿಯಲ್ಲೇ ನಡೆದಿದ್ದವು. ಬೈಕಿನಲ್ಲಿ ನಾನೇ ಕರೆದುಕೊಂಡು ಹೋದೆ. ಕೋರ್ಟಿನ ಜಗುಲಿಯಲ್ಲಿ ಕೂತಿದ್ದ ಮುದುಕನೊಬ್ಬ ಎದ್ದು ನಿಂತು "ನಮಸ್ಕಾರ ಸ್ವಾಮಿ, ಚೆನ್ನಾಗಿದ್ದೀರಾ?" ಎಂದ. ಆರೋಪಿ ಅವನೇ. ಎರಡು ಎಮ್ಮೆ, ಒಂದು ಸೈಕಲ್ಲು ಇಟ್ಟುಕೊಂಡಿದ್ದವನು.

ಅಂದು ವಾಯಿದೆಯಾಯಿತು. ವಾಪಸು ಬರುವಾಗ ಅಪ್ಪ ಬೈಕ್ ನಿಲ್ಲಿಸಲು ಹೇಳಿದರು.

"ವರದಿ ಕೈಗೆ ಬಂದ ಹತ್ತು ದಿನದೊಳಗೆ ಇನ್ನೊಂದು ಬಾಟಲಿ ಕೇಂದ್ರ ಪ್ರಯೋಗಾಲಯಕ್ಕೆ ಕಳಿಸಿ ಅಂತ ಅವನು ಕೋರ್ಟಿಗೆ ಅರ್ಜಿ ಹಾಕಬಹುದಿತ್ತು. ಕಾಗದದಲ್ಲಿ ಬರೆದಿರ್ತಾರೆ. ಅವನಿಗೆ ಓದಕ್ಕೆ ಬರಲ್ಲ. ಅದನ್ನ ಹಿಡ್ಕೊಂಡು ನನ್ನ ಹತ್ರ ಬಂದಿದ್ದ. 'ಏನಂತೆ ಸ್ವಾಮಿ ಇದು' ಅಂದ. ವಕೀಲರನ್ನ ಕೇಳಪ್ಪ ಅಂತ ಕಳಿಸಿಬಿಟ್ಟೆ."

"ನೀರು ಬೆರೆಸಿರಲಿಲ್ವಾ?"

"ಬೆರೆಸಿದ್ದನೇನೋ. ಇಲ್ಲವೇನೋ. ಅದನ್ನ ತಿಳ್ಕೊಳ್ಳೋ ಎರಡನೇ ದಾರಿ ಅವನಿಗಿತ್ತು. ಅದನ್ನ ಹೇಳೋದು ನನ್ನ ಕೆಲಸ ಅಲ್ಲ ಅಂದ್ಕೊಂಡಿದ್ದೆ."

ಆಗ ನೆನಪಾಯಿತು. ಹೊಸ ಕಾಯ್ದೆ ಬಂದ ಹೊಸದರಲ್ಲಿ ನಾನು ಒಮ್ಮೆ ಅಪ್ಪನ ಜೊತೆ ಸಂತೆಗೆ ಹೋಗಿದ್ದೆ. ಖಾರದ ಪುಡಿಯವಳ ಮುಂದೆ ಕುಕ್ಕರಗಾಲಲ್ಲಿ ಕೂತು ಅಪ್ಪ ಕೇಳಿದ್ದರು: "ನೋಡಮ್ಮ, ಈ ನಾಲ್ಕನೇದು ನಿನ್ನ ಪಾಲಿಂದು. ನಿನ್ನ ಖರ್ಚಿನಲ್ಲಿ ಬೇರೆ ಕಡೆ ಪರೀಕ್ಷೆ ಮಾಡಿಸಬಹುದು. ಕಳಿಸಲಾ?" ಅವಳಿಗೆ ಅರ್ಥವಾಗದೆ ಮತ್ತೆ ಕೇಳಿದ್ದಳು. ಅಪ್ಪ ಮತ್ತೆ ಮೊದಲಿಂದ ಹೇಳಿದ್ದರು. ಮೂರನೆಯ ಸಲವೂ ಹೇಳಿದ್ದರು. ಬಿಸಿಲಿಗೆ ನನಗೆ ಬೇಸರ ಬಂದಿತ್ತು.

ಇಲಾಖೆಯೊಂದು ಬದಲಾಗುವುದೆಂದರೆ ಬೋರ್ಡು, ರಬ್ಬರ್ ಸ್ಟಾಂಪು, ನಮೂನೆಗಳು ಬದಲಾಗುವುದು ಎಂದುಕೊಂಡಿದ್ದೆ. ಅವು ಒಂದು ತಾರೀಖಿಗೆ ಬದಲಾಗುತ್ತವೆ. ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂತು ಮೂರು ಸಲ ಹೇಳಬೇಕೆಂದು ಯಾವ ಅಧಿಸೂಚನೆಯಲ್ಲೂ ಇರಲಿಲ್ಲ.

ಮುಂದಿನ ವಾಯಿದೆಗೆ ಹೋಗುವಾಗ ಅಪ್ಪ ಕನ್ನಡಕ ಒರೆಸಿಕೊಂಡು ಹೇಳಿದರು: "ಕೇಳಿದರೆ ಅದನ್ನೂ ಹೇಳ್ತೀನಿ. ಅವನು ನನ್ನ ಹತ್ರ ಬಂದಿದ್ದ ಅಂತ."

ಯಾರೂ ಕೇಳಲಿಲ್ಲ.