ಪಿಟೀಲೂ ಬಿಲ್ಲೂ

ಬೇಸಗೆಯ ರಜೆಯಲ್ಲಿ ನಾವು ವಿಶಾಖಪಟ್ಟಣದಿಂದ ರತ್ನಾಚಲ ಎಕ್ಸ್‌ಪ್ರೆಸ್ ಹತ್ತಿ ವಿಜಯವಾಡಕ್ಕೆ ಹೊರಟೆವು. ಅಜ್ಜಿಗೆ ಅದು ಇನ್ನೂ ಬೆಜವಾಡವೇ. ಮಗಳ ಒಂದು ಕೈಯಲ್ಲಿ ಪಿಟೀಲು, ಇನ್ನೊಂದರಲ್ಲಿ ಬಿಲ್ಲಿನ ಪೆಟ್ಟಿಗೆ. ಬಾಣ ಬಿಟ್ಟು ಬಂದ ಸಂಜೆ ಅವಳ ಬಲಗೈ ನಡುಗಿ ಕಮಾನು ನಿಲ್ಲುವುದಿಲ್ಲ. ಒಂದನ್ನು ಬಿಡಲೆಂದು ಅಜ್ಜಿಯ ಹಟ. ವಿಶಾಖಪಟ್ಟಣದಲ್ಲಿ ಬೆಳೆದ ಪಿಟೀಲು ವಿದ್ವಾಂಸರಾದ ದ್ವಾರಂ ವೆಂಕಟಸ್ವಾಮಿ ನಾಯುಡು ಅವರು 1893ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ! ಅಜ್ಜಿಗೆ ಇಷ್ಟು ಸಾಕಾಯಿತು.

ಮರುದಿನ ಸಂಜೆ ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತು, ನಮ್ಮ ನಾಡನ್ನು ಹಾದುಬಂದ ಕೃಷ್ಣೆಗೆ ಕೈಮುಗಿದೆವು. ಮಗಳು ಬಿಟ್ಟಾಳೆಯೇ? "ಅಜ್ಜೀ, ಈ ಊರಿನ ಜ್ಯೋತಿ ಸುರೇಖಾ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬಿಲ್ಲು ಹಿಡಿದು ಮೂರು ಚಿನ್ನ ಗೆದ್ದರು" ಎಂದಳು.

ಅಜ್ಜಿ ನೀರನ್ನೇ ನೋಡುತ್ತ, "ಹಾಗಾದರೆ ಬೆಳಗಿನ ಜಾವ ಪಿಟೀಲು, ಸಂಜೆ ಬಿಲ್ಲು. ದಸರೆಯವರೆಗೆ ನೋಡೋಣ ಕಣೇ" ಎಂದರು.